ಕುದಿಯುವ ನೀರಲ್ಲೂ ಚಳಿ

ಗ್ಯಾರೇಜ್ ಮೇಸ್ತ್ರಿಗೆ ಊರವರು ಇಟ್ಟ ಹೆಸರು ‘ಕಿವಿ’. ಬಾನೆಟ್ಟಿನ ಹತ್ತಿರ ಕಿವಿ ಇಟ್ಟರೆ ಸಾಕು, ಇಂಜಿನ್ನಿನ ಒಳಗುಟ್ಟೆಲ್ಲ ಹೊರಬೀಳುತ್ತದೆ ಎಂಬ ಖ್ಯಾತಿ. ಆ ಖ್ಯಾತಿಗೆ ಮಸಿ ಬಳಿದದ್ದು ಹಲ್ಲಿನ ಡಾಕ್ಟರ ಹಳೇ ಕಾರು.

ಡಾಕ್ಟರು ಪ್ರಾಣದಂತೆ ಸಾಕಿಕೊಂಡಿದ್ದ, ನಲವತ್ತು ವರ್ಷ ದಾಟಿದ ವಿದೇಶಿ ಕಾರು ಅದು. ಬೆಳಿಗ್ಗೆ ಒಳ್ಳೆ ಮಗುವಿನಂತೆ ಸ್ಟಾರ್ಟ್ ಆಗುತ್ತಿತ್ತು. ಇಂಜಿನ್ ಬಿಸಿಯಾಯಿತೋ, ಕಪ್ಪು ಹೊಗೆ ಕಾರಿ, ಪೆಟ್ರೋಲ್ ವಾಸನೆ ಬಿಟ್ಟು, ನಡುರಸ್ತೆಯಲ್ಲೇ ಕೈಕೊಡುತ್ತಿತ್ತು. ಮೇಸ್ತ್ರಿ ಪ್ಲಗ್ ಬದಲಿಸಿದ, ಫಿಲ್ಟರ್ ಬದಲಿಸಿದ, ಕೊನೆಗೆ ಬಲಗಿವಿ ಬಿಟ್ಟು ಎಡಗಿವಿಯನ್ನೂ ಇಟ್ಟು ನೋಡಿದ. ಊಹೂಂ.

ನಾಲ್ಕನೇ ಸಲ ಡಾಕ್ಟರು ಕಾರನ್ನು ತಳ್ಳಿಸಿಕೊಂಡೇ ಬಂದರು. “ಮೇಸ್ತ್ರಿ, ನಾನು ಹೀಗೆ ಮೂರು ಸಲ ತಪ್ಪು ಹಲ್ಲು ಕಿತ್ತಿದ್ರೆ ಜನ ಸುಮ್ನೆ ಬಿಡ್ತಿದ್ರಾ?”

ಶೆಡ್ಡಿನ ಹಿಂದೆಯೇ ಮನೆ. ಮೇಸ್ತ್ರಿ ಮುಖ ಗಂಟುಹಾಕಿಕೊಂಡು ಊಟಕ್ಕೆ ಕೂತ. ಮೂವತ್ತು ವರ್ಷ ನರ್ಸಾಗಿದ್ದ ಹೆಂಡತಿ ಬಡಿಸುತ್ತಾ ಕೇಳಿದಳು, “ಎಷ್ಟು ಪೆಟ್ರೋಲ್ ಬೇಕು ಅಂತ ಆ ಇಂಜಿನ್‌ಗೆ ಯಾರು ಹೇಳೋದು?”

“ಒಂದು ಕಂಟ್ರೋಲ್ ಡಬ್ಬಿ ಇದೆ ಕಣೇ. ಇಂಜಿನ್ ತಣ್ಣಗಿದ್ರೆ ಜಾಸ್ತಿ ಬಿಡುತ್ತೆ, ಬಿಸಿಯಾದ್ರೆ ಕಮ್ಮಿ. ತಣ್ಣಗೋ ಬಿಸಿಯೋ ಅಂತ ಅದಕ್ಕೆ ಹೇಳೋದು ಸೆನ್ಸರ್.”

“ಅದೇ ಸುಳ್ಳು ಹೇಳ್ತಿದ್ರೆ? ನಮ್ಮ ವಾರ್ಡಲ್ಲಿ ಒಂದು ಥರ್ಮಾಮೀಟರ್ ಇತ್ತು ರೀ, ಹೆಣಕ್ಕೂ ನೂರೆರಡು ಜ್ವರ ತೋರಿಸ್ತಿತ್ತು.”

ಎತ್ತಿದ ತುತ್ತು ಬಾಯಿಗೆ ಹೋಗಲಿಲ್ಲ. ಕೈ ತೊಳೆದು ಓಡಿದವನು ಹೆಬ್ಬೆರಳಿನಷ್ಟು ದಪ್ಪದ ಹಿತ್ತಾಳೆ ಸೆನ್ಸರನ್ನು ಬಿಚ್ಚಿ ತಂದ. ಕೈಗೆ ಸಿಕ್ಕ ಪಾತ್ರೆಗೆ ನೀರು ಸುರಿದು ಒಲೆ ಹಚ್ಚಿ, ಸೆನ್ಸರಿಗೆ ಮೀಟರಿನ ಎರಡೂ ವೈರು ಸಿಕ್ಕಿಸಿ ನೀರಿಗೆ ಇಳಿಬಿಟ್ಟ. ನೀರು ಕಾದಂತೆ ಸೆನ್ಸರ್ ಕರೆಂಟಿಗೆ ಒಡ್ಡುವ ತಡೆ ತಗ್ಗಿ, ಮೀಟರಿನ ಅಂಕಿ ಇಳಿಯಬೇಕು. ನೀರೇನೋ ಕೊತಕೊತ ಕುದಿಯಿತು. ಅಂಕಿ ಮಾತ್ರ ಕದಲಲಿಲ್ಲ.

“ನೋಡೇ, ಕುದಿಯೋ ನೀರಲ್ಲಿ ಕೂತ್ಕೊಂಡು ಚಳಿ ಅಂತಿದೆ ಕಳ್ಳ!” ಮೇಸ್ತ್ರಿ ಕುಣಿದೇಬಿಟ್ಟ.

“ಅದು ನನ್ನ ಹಾಲಿನ ಪಾತ್ರೆ ಅಲ್ವೇನ್ರೀ?”

ಕುಣಿತ ನಿಂತಿತು.

ಹೊಸ ಸೆನ್ಸರ್ ಹಾಕಿದ ದಿನ ಡಾಕ್ಟರು ಊರೆಲ್ಲ ಎರಡು ಸುತ್ತು ಹೊಡೆದು ಬಂದರು. ಹೊಗೆಯ ಸುಳಿವಿಲ್ಲ. “ಅಂತೂ ನಿಮ್ಮ ಕಿವಿಗೆ ಕೇಳಿಸ್ತು ಅನ್ನಿ!”

ಹೌದೆಂಬ ಮಾತು ಮೇಸ್ತ್ರಿಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ನಂಗಲ್ಲ ಸಾರ್, ಇವಳಿಗೆ ಹೊಳೆದದ್ದು,” ಎಂದ, ನೆಲ ನೋಡುತ್ತಾ.

ಮರುವಾರ ಕೆಮ್ಮುವ ವ್ಯಾನೊಂದನ್ನು ತಂದ ಗಿರಾಕಿ, ಎದುರಿಗೇ ನಿಂತ ಮೇಸ್ತ್ರಿಯನ್ನು ದಾಟಿ ಒಳಗೆ ಇಣುಕಿದ.

“ಅಕ್ಕ ಇಲ್ವಾ?”