ನಿಲಸುಗಲ್ಲಿನ ಬುಡದಲ್ಲಿ

ಸಾಗರದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಹತ್ತಿರ ಇದ್ದದ್ದು ಡ್ರಾಯಿಂಗ್ ಹಲಗೆ, ನಾಲ್ಕು ಪೆನ್ಸಿಲು, ಅಳತೆ ಟೇಪು, ಮತ್ತೆ ಬೇಕಾದ್ದಕ್ಕಿಂತ ಹೆಚ್ಚು ಜಂಬ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ನಾನು. ಹೊಸನಗರದಾಚೆ ಶರಾವತಿ ಪಕ್ಕದ ಗುಡ್ಡವೊಂದರ ಮೇಲೆ ಯಾರೋ ಯಾವ ಕಾಲದಲ್ಲೋ ಆಳೆತ್ತರದ ಕಲ್ಲುಗಳನ್ನು ನಿಲ್ಲಿಸಿದ್ದಾರೆ ಎಂದು ಕೇಳಿದ್ದೆ. ಅಣೆಕಟ್ಟಿನ ನೀರು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಗುಡ್ಡ ಮುಳುಗುವುದಿಲ್ಲ, ಆದರೆ ಈ ಮಳೆಗಾಲಕ್ಕೆ ಅಲ್ಲಿಗೆ ದಾರಿ ಇರುವುದಿಲ್ಲ. ಅಷ್ಟರೊಳಗೆ ಬರೆದುಕೊಂಡು ಬರೋಣ ಅಂತ ಹೊರಟೆ.

ಹೊಸನಗರಕ್ಕೆ ಟಿಕೆಟ್ಟು ಒಂದೂಕಾಲು ರೂಪಾಯಿ. ಅಲ್ಲಿಂದ ಎಂಟು ಮೈಲಿ ನಡಿಗೆ, ಮೇ ತಿಂಗಳ ಸೆಖೆ ಬೇರೆ. ದಾರಿಯ ಮನೆಗಳಿಗೆ ಗೋಡೆ ಇತ್ತು, ಸೂರಿರಲಿಲ್ಲ. ಹೆಂಚು, ತೊಲೆ, ಬಾಗಿಲು ಎಲ್ಲ ಗಾಡಿಗೆ ಹೇರಿಕೊಂಡು ಜನ ಹೋಗಿಬಿಟ್ಟಿದ್ದರು.

ಗುಡ್ಡದ ಬುಡದಲ್ಲಿ ಉಳಿದಿದ್ದ ಒಂದೇ ಮನೆ ತಿಮ್ಮಪ್ಪನವರದು. ಗೇಣಿ ಮಾಡುತ್ತಿದ್ದವರು. ಅವರೂ ಅವರ ಅಕ್ಕ ದ್ಯಾವಮ್ಮನೂ ಮರುದಿನ ತೀರ್ಥಹಳ್ಳಿ ಕಡೆ ಹೊರಡುವವರಿದ್ದರು. ಆದರೂ ನನಗೆ ಗಂಜಿ, ಮಿಡಿ ಉಪ್ಪಿನಕಾಯಿ ಬಡಿಸಿದರು.

"ಕಲ್ಲು ನೋಡೋಕೆ ಬಂದ್ರಾ? ನಮ್ಮ ಹಿರೀಕರೆಲ್ಲ ಅಲ್ಲೇ ಇರೋದು," ಎಂದರು ತಿಮ್ಮಪ್ಪ. "ವರ್ಷಕ್ಕೊಂದ್ಸಲ ದೊಡ್ಡ ಎರಡು ಕಲ್ಲಿನ ನಡುವೆ ಸೂರ್ಯ ಹುಟ್ತಾನೆ. ಅವತ್ತು ಎಲ್ಲರಿಗೂ ಎಡೆ ಇಡ್ತೀವಿ." ನಾನು ದೊಡ್ಡದಾಗಿ ತಲೆಯಾಡಿಸಿದೆ. 'ಎಲ್ಲರಿಗೂ' ಅಂದರೆ ಯಾರಿಗೆ ಎಂದು ಕೇಳಬೇಕಿತ್ತು, ಕೇಳಲಿಲ್ಲ.

ಬೆಳಿಗ್ಗೆ ಒಬ್ಬನೇ ಹತ್ತಿದೆ. ಒಂಬತ್ತು ಕಲ್ಲು, ಕಪ್ಪಗೆ, ಪೂರ್ವಕ್ಕೆ ಮುಖ ಮಾಡಿ ನಿಂತಿದ್ದವು. ಸುಳ್ಳು ಯಾಕೆ, ಹೆದರಿಕೆಯಾಯಿತು. ಎಲ್ಲಕ್ಕಿಂತ ಎತ್ತರದ ಕಲ್ಲಿನ ಬುಡದಲ್ಲಿ ತೆಂಗಿನಕಾಯಿ ಗಾತ್ರದ ಹೊಳೆಗಲ್ಲುಗಳು ಸಾಲಾಗಿ ಕೂತಿದ್ದವು. ಟೇಪಿಗೆ ಅಡ್ಡವಾದವು. ಎತ್ತೆತ್ತಿ ಪಕ್ಕಕ್ಕೆ ಗುಡ್ಡೆ ಹಾಕಿ, ಬುಡ ಚೊಕ್ಕಟ ಮಾಡಿಕೊಂಡು ಬರೆಯಲು ಕೂತೆ.

ಚಿತ್ರ ಮುಗಿಯುವ ಹೊತ್ತಿಗೆ ಅಕ್ಕ ತಮ್ಮ ಇಬ್ಬರೂ ಬಂದರು. ದ್ಯಾವಮ್ಮನ ಕೈಯಲ್ಲಿ ಮಡಿಸಿದ ಹೊಸ ವಸ್ತ್ರ. ಗುಡ್ಡೆ ನೋಡಿ ಅಲ್ಲೇ ನಿಂತುಬಿಟ್ಟಳು.

"ಯಾರು ತೆಗೆದ್ರು?"

"ಅಳತೆಗೆ ಅಡ್ಡ ಆಗ್ತಿತ್ತು," ಎಂದೆ.

ತಿಮ್ಮಪ್ಪ ಬೈಯಲಿಲ್ಲ, ತಿಳಿಸಿ ಹೇಳಿದರು. ಮನೆಯಲ್ಲಿ ಯಾರಾದರೂ ಸತ್ತರೆ ಹೊಳೆಯಿಂದ ಒಂದು ಕಲ್ಲು ತಂದು ಇಲ್ಲಿ ಕೂರಿಸುತ್ತಾರೆ. ಹೆಸರಿಲ್ಲ, ಗುರುತಿಲ್ಲ, ಕೂತ ಜಾಗವೇ ಗುರುತು. ಎಡದಿಂದ ನಾಲ್ಕನೆಯದು ಗೌರಿ, ಒಂಬತ್ತು ವರ್ಷಕ್ಕೆ ಜ್ವರದಲ್ಲಿ ಹೋದ ದ್ಯಾವಮ್ಮನ ಮಗಳು. ಅವಳನ್ನು ಆ ವಸ್ತ್ರದಲ್ಲಿ ಸುತ್ತಿ ಹೊಸ ಊರಿಗೆ ಕರೆದೊಯ್ಯಲು ಬಂದಿದ್ದರು.

"ಎಲ್ಲಾನೂ ಗಾಡಿಗೆ ಹಾಕೋಣ, ನಾನೇ ಹೊರ್ತೀನಿ," ಎಂದೆ.

"ಹಂಗೆ ಬರಲ್ಲ ಮೇಷ್ಟ್ರೇ. ಹಿರೀಕರನ್ನ ಎಬ್ಬಿಸಬಾರ್ದು. ತಾಯಿ ತನ್ನ ಮಗೂನ ಮಾತ್ರ ಎತ್ಕೊಂಡು ಹೋಗ್ಬೋದು," ಎಂದರು ತಿಮ್ಮಪ್ಪ.

ದ್ಯಾವಮ್ಮ ಒಂದೊಂದೇ ಕಲ್ಲನ್ನು ಮಡಿಲಿಗೆ ತೆಗೆದುಕೊಂಡು, ಸವರಿ, ಗುರುತು ಸಿಗದೆ ಮತ್ತೆ ಗುಡ್ಡೆಗೇ ಇಟ್ಟಳು. ಇಪ್ಪತ್ತಮೂರು ಕಲ್ಲು. ಕೊನೆಯದನ್ನೂ ಇಟ್ಟು ಎದ್ದಳು. "ಗೌರಿ, ಹೋಗ್ತೀನಿ ಕಣೇ. ಅಜ್ಜಿ ಹತ್ರ ಇರು," ಎಂದು ಇಡೀ ಗುಡ್ಡೆಗೆ ಹೇಳಿದಳು. ನನಗೆ ಸತ್ತುಹೋಗಬಾರದೇ ಅನ್ನಿಸಿತು.

ಅಂಥವನನ್ನೂ ಗಾಡಿಯಲ್ಲಿ ಕೂರಿಸಿಕೊಂಡರು, ರೊಟ್ಟಿ ಕೊಟ್ಟರು. ತೀರ್ಥಹಳ್ಳಿ ಹತ್ತಿರ ಬಂದಾಗ ದ್ಯಾವಮ್ಮ ಚಿತ್ರ ಕೇಳಿದಳು. ಮೊದಲು ಬರೆದು ಆಮೇಲೆ ಸರಿಸಿದ್ದರೆ ಆ ಸಾಲು ಕಾಗದದ ಮೇಲಾದರೂ ಇರುತ್ತಿತ್ತು. ಅವಳು ಬುಡದ ಖಾಲಿ ಜಾಗದಲ್ಲಿ ಎಡದಿಂದ ಎಣಿಸಿ ಬೆರಳಿಟ್ಟಳು. ನಾನು ಪೆನ್ಸಿಲು ತೆಗೆದೆ.

"ಬೇಡಿ. ಈಗ ಬರೆದ್ರೆ ಅದು ನಿಮ್ಮ ಕಲ್ಲು," ಎಂದಳು.

ಪೇಟೆಯಲ್ಲಿ ಇಳಿದು ತಿರುಗಿ ನೋಡಿದೆ. ಗಾಡಿ ತುಂಗೆಯ ಸೇತುವೆ ಕಡೆ ಹೋಗುತ್ತಿತ್ತು. ದ್ಯಾವಮ್ಮ ಬಂದ ದಾರಿಗೆ ಮುಖ ಮಾಡಿ ಕೂತಿದ್ದಳು, ಮಡಿಲಲ್ಲಿ ಆ ವಸ್ತ್ರ, ಮಡಿಕೆ ಬಿಚ್ಚಿರಲಿಲ್ಲ.