ಚತುರ್ದಶಿಯ ದಿನ ನಮ್ಮ ಬೆಕ್ಕು

ಬೆಕ್ಕಿಗೆ ಸಕ್ಕರೆ ಕಾಯಿಲೆ ಬಂದದ್ದು ಮೊದಲು ಗೊತ್ತಾದದ್ದು ಇರುವೆಗಳಿಗೆ. ಹಿತ್ತಲಲ್ಲಿ ಅದು ಉಚ್ಚೆ ಹೊಯ್ದ ಬೂದಿಗೆ ಕಪ್ಪಿರುವೆ ಮುತ್ತಿದ್ದವು. ಹಂಡೆಯ ಬುಡದಲ್ಲಿ ಕೂತು ಅದು ನೀರು ಕುಡಿಯುತ್ತಲೇ ಇತ್ತು, ಸೊರಗುತ್ತಲೂ ಇತ್ತು. ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮೂರು ಅಕ್ಕೋಳದ ಆ ಚಳಿಗಾಲವನ್ನು ನೆನೆದರೆ ಎಲ್ಲವೂ ಹೊಗೆಯ ಆಚೆ ಇದ್ದಂತೆ ಕಾಣುತ್ತದೆ. ಹೊಲದಲ್ಲಿ ಕಬ್ಬಿನ ಒಣಗರಿಯ ರವದಿ ಸುಡುತ್ತಿದ್ದ ಹೊಗೆ, ಒಣಗುವ ತಂಬಾಕಿನ ಘಾಟು, ಅದರ ನಡುವೆ ಬಿಳಿ ಬೆಕ್ಕೊಂದು ಸದ್ದಿಲ್ಲದೆ ನಡೆದುಹೋಗುತ್ತದೆ. ಕನಸಿನಲ್ಲಿ ಕಂಡದ್ದೋ, ಕಣ್ಣಾರೆ ಕಂಡದ್ದೋ, ಈಗ ಆಣೆ ಮಾಡಿ ಹೇಳಲಾರೆ.

ನಮ್ಮದು ಜೈನರ ಮನೆ. ಬೆಕ್ಕಿಗೆ ಸಿಗುತ್ತಿದ್ದದ್ದು ಹಾಲು, ರೊಟ್ಟಿ, ಮೇಲೊಂದು ಚೂರು ಬೆಲ್ಲ. ಅತ್ತೆ ಅದನ್ನು ‘ಬಾಳಾ’ ಎಂದು ಕರೆಯುತ್ತಿದ್ದರು, ಮರಾಠಿ ತಾಯಂದಿರು ಕೂಸನ್ನು ಕರೆಯುವ ಹಾಗೆ. ಸೊಸೆಯನ್ನು ಅಷ್ಟು ಮುದ್ದಾಗಿ ಒಮ್ಮೆಯೂ ಕರೆದವರಲ್ಲ. ಹೊಟ್ಟೆಕಿಚ್ಚು ನನಗೆ ಇದ್ದೇ ಇತ್ತು, ಮುಚ್ಚಿಟ್ಟು ಏನು ಮಾಡಲಿ!

ನಾನು ನಿಪ್ಪಾಣಿಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಬೆಕ್ಕನ್ನು ಬುಟ್ಟಿಯಲ್ಲಿಟ್ಟು, ಅದರ ಉಚ್ಚೆಯನ್ನು ಶೀಶೆಯಲ್ಲಿ ಹಿಡಿದು, ಬಸ್ಸಿನಲ್ಲಿ ಅಲ್ಲಿನ ದನದ ಡಾಕ್ಟರರ ಬಳಿ ಒಯ್ದೆ. ಅವರು ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ ಕಾಸಿದರು. ಅದು ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಬಣ್ಣಕ್ಕೆ ನಿಂತಿತು.

“ಬೆಲ್ಲ ಬಂದ್ ಮಾಡ್ರಿ. ತತ್ತಿ, ಮೀನ ಹಾಕ್ರಿ,” ಎಂದರು.

“ಅವು ನಮ್ಮ ಮನ್ಯಾಗ ಬರೂದಿಲ್ರಿ.”

“ಮತ್ತ ಇಲಿ?”

“ತಾನ ಹಿಡದ್ರ ನಾವು ನೋಡೂದಿಲ್ರಿ.”

ಡಾಕ್ಟರರು ನಕ್ಕರು. ಆಮೇಲೆ ಇನ್ಸುಲಿನ್ ಶೀಶೆ, ಸಣ್ಣ ಸಿರಿಂಜು ಕೈಗೆ ಕೊಟ್ಟು ಗಂಭೀರವಾದರು. “ಮುಂಜಾನಿ, ಸಂಜಿ ಎರಡೂ ಹೊತ್ತು ಸೂಜಿ. ಆದ್ರ ಹೊಟ್ಟಿತುಂಬ ಉಂಡ ಮ್ಯಾಲನ. ಉಣಲಾರದ ಚುಚ್ಚಿದ್ರ ಸಕ್ರಿ ಪೂರಾ ಇಳದು ಜೀವ ಹೋಗತೈತಿ. ತೂರಾಡಿ ಬಿದ್ರ ಲಗೂನ ಸಕ್ರಿನೀರ ವಸಡಿಗೆ ಹಚ್ಚರಿ.”

ಮನೆಗೆ ಬಂದು ಕೆಲಸ ಹಂಚಿಕೊಂಡೆವು. ಉಣಿಸುವುದು ಅತ್ತೆಯದು, ಚುಚ್ಚುವುದು ನನ್ನದು. ಆ ಔಷಧ ಯಾವ ಪ್ರಾಣಿಯಿಂದ ತೆಗೆದದ್ದು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊತ್ತು ಮುಳುಗುವ ಮೊದಲೇ ನಮ್ಮ ಊಟ ಮುಗಿಯುತ್ತಿತ್ತು, ಬೆಕ್ಕಿನದೂ ಆಗಲೇ. ಅದು ಉಂಡ ಮೇಲೆ ಅತ್ತೆ ಅದರ ತಾಟು ತೊಳೆದು ಬೋರಲು ಹಾಕುತ್ತಿದ್ದರು. ಬೋರಲು ತಾಟು ಕಂಡರೆ ನಾನು ಸೂಜಿ ತೆಗೆಯುತ್ತಿದ್ದೆ. ತೊಡೆಯ ಮೇಲೆ ಅದು ಗುರುಗುಡುತ್ತ ಮಲಗಿರುತ್ತಿತ್ತು. ಸೂಜಿ ಹೋಗಿ ಬಂದದ್ದೂ ಅದಕ್ಕೆ ತಿಳಿಯುತ್ತಿರಲಿಲ್ಲ. ಸಂಜೆಯ ಬಿಸಿಲು ಅಂಗಳದಿಂದ ಗೋಡೆಗೆ ಏರಿ, ಗೋಡೆಯಿಂದ ಮಾಯವಾಗುವ ತನಕ ನಾನು ಹಾಗೇ ಕೂತಿರುತ್ತಿದ್ದೆ. ನನ್ನಂಥ ಸಿಡುಕಿಗೂ ಅಷ್ಟು ಹೊತ್ತು ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ.

ಚತುರ್ದಶಿ ಬಂತು. ಪ್ರತಿ ಚತುರ್ದಶಿಗೆ ಅತ್ತೆಯದು ಕಡು ಉಪವಾಸ, ಗುಟುಕು ನೀರೂ ಇಲ್ಲ. ಮೂವತ್ತು ವರ್ಷ ಒಂದೂ ತಪ್ಪಿಸಿರಲಿಲ್ಲ. ಶಾಲೆಯಿಂದ ಬಂದಾಗ ಅವರು ಜಪಮಾಲೆ ಹಿಡಿದು ಕಣ್ಣುಮುಚ್ಚಿ ಕೂತಿದ್ದರು. ಜಪದಲ್ಲಿ ಮಾತಿಲ್ಲ, ಮಾತಾಡಿಸುವಂತೆಯೂ ಇಲ್ಲ. ತಾಟು ಬೋರಲಾಗಿತ್ತು. ನಾನು ಸೂಜಿ ಚುಚ್ಚಿದೆ.

ಹೊತ್ತು ಮುಳುಗಿತು. ಕರೆಂಟೂ ಹೋಯಿತು. ಬೆಕ್ಕು ಕುಡಿದವರ ಹಾಗೆ ತೂರಾಡುತ್ತ ಪಡಸಾಲೆಗೆ ಬಂದು, ಹೊಸ್ತಿಲಿಗೆ ಡಿಕ್ಕಿ ಹೊಡೆದು ಬಿತ್ತು. ಕಾಲು ಸೆಟೆದವು.

“ಅತ್ತೀ! ಬೆಕ್ಕ ಉಂಡೈತಿಲ್ರಿ?”

ಅವರು ಕಣ್ಣು ತೆರೆದರು. “ಇಲ್ಲ. ಮುಂಜಾನಿ ಉಂಡದ್ದಷ್ಟ, ಆಮ್ಯಾಲ ನನ್ನ ಕೂಡ ಉಪಾಸ ಇಟ್ಟಿದ್ನಿ. ಉಣದಿದ್ರ ಸಕ್ರಿ ಇಳೀತೈತಿ ಅಂತ... ಪುಣ್ಯಾನೂ ಬರತೈತಿ ಅಂತ...”

“ಅಯ್ಯ ನಿಮ್ಮ ಪುಣ್ಯಕ್ಕಿಷ್ಟು ಬೆಂಕಿ ಹಾಕ! ನೀವ ಕೊಂದ್ರಿ ಅದನ್ನ!”

ಹಾಗೆ ಅಂದೆ. ತಾಟು ನೋಡಿ, ಕೇಳದೆ ಚುಚ್ಚಿದವಳು ನಾನೇ, ಆದರೂ ಅಂದೆ. ಇಂದಿಗೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ.

ಅತ್ತೆ ಮಣಿಸರ ಕೆಳಗಿಟ್ಟು ಕತ್ತಲಲ್ಲೇ ಅಡುಗೆಮನೆಗೆ ಓಡಿದರು. ನಾನು ಬೆಕ್ಕನ್ನು ಎತ್ತಿಕೊಂಡು ಹಿಂದೆ ಹೋದೆ. ಒಲೆಯಲ್ಲಿ ಆ ದಿನ ಕೆಂಡವೂ ಇರಲಿಲ್ಲ, ಕಡ್ಡಿಪೆಟ್ಟಿಗೆ ಕೈಗೆ ಸಿಗಲಿಲ್ಲ. ಮಾಡದಲ್ಲಿ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಜೋಡಿಯಾಗಿ ಇರುತ್ತಿದ್ದವು, ಎರಡೂ ಒಂದೇ ಅಳತೆಯವು. ಮುಚ್ಚಳ ಬಿಚ್ಚಿದ ಸದ್ದಾಯಿತು. ಕಿಟಕಿಯಿಂದ ಬರುತ್ತಿದ್ದ ಮಂಕು ಬೆಳಕಿನಲ್ಲಿ ಅವರ ಬೆರಳು ಡಬ್ಬಿಗೆ ಹೋದದ್ದು, ಅಲ್ಲಿಂದ ಅವರದೇ ನಾಲಿಗೆಗೆ ಹೋದದ್ದು ಕಂಡೆ.

“ಸಕ್ರಿನ ಐತಿ. ತಾ ಅದನ್ನ.”

ನೀರಲ್ಲಿ ಕದಡಿ ಬೆಕ್ಕಿನ ವಸಡಿಗೆ ತಿಕ್ಕಿದರು. ಮತ್ತೆ ತಿಕ್ಕಿದರು. ಎಷ್ಟು ಹೊತ್ತೋ, ನನಗೆ ಲೆಕ್ಕವಿಲ್ಲ. ಹೊರಗೆ ಎತ್ತಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದವು, ಗಂಟೆಯ ಸದ್ದು ಬಂದು ಹೋಗಿ ಮತ್ತೆ ಬರುತ್ತಿತ್ತು. ಕೊನೆಗೆ ಒಂದು ಒರಟು ನಾಲಿಗೆ ಅವರ ಬೆರಳನ್ನು ನೆಕ್ಕಿತು. ಬೆಕ್ಕು ಸಣ್ಣಗೆ ಮಿಯಾಂವ್ ಎಂದಿತು. ನಾನು ಹೋ ಎಂದು ಅತ್ತುಬಿಟ್ಟೆ.

ಅಳು ನಿಂತ ಮೇಲೆ ನೆನಪಾಯಿತು. “ಅತ್ತಿ, ನಿಮ್ಮ ಉಪಾಸ...”

ಅವರು ಸೆರಗಿನಿಂದ ಬೆಕ್ಕಿನ ಗದ್ದ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

“ಉಪ್ಪ ಇದ್ದಿದ್ರ?” ಎಂದರು.