ಹಕ್ಕಿ ನಿಂತ ನೀರಿನ ಆಳ

ಹಕ್ಕಿ ನಿಂತ ಕಡೆ ನೀರು ಎಷ್ಟಿದೆಯೋ, ಅದರ ಸುತ್ತಲೂ ಅಷ್ಟೇ ಇರುತ್ತದೆ ಎಂದು ನಂಬಿದ್ದ ಮಹಾ ಜಾಣ ನಾನು. ಆಗ ಎಲ್ಲರ ಕೈಗೂ ಡಿಜಿಟಲ್ ಕ್ಯಾಮೆರಾ ಬರತೊಡಗಿತ್ತು. ನಾನು ಮಾತ್ರ ಚಿಂತಾಮಣಿಯ ಸ್ಟುಡಿಯೋ ಒಂದರಲ್ಲಿ ಉಳಿದುಹೋಗಿದ್ದ ಕಪ್ಪುಬಿಳುಪು ರೋಲುಗಳನ್ನು ತಂದು, ಬಚ್ಚಲುಮನೆಯನ್ನು ಕತ್ತಲೆ ಮಾಡಿಕೊಂಡು ತೊಳೆಯುತ್ತಿದ್ದೆ. ಮೇಲೂರಿನ ಹತ್ತಿರದ ನಮ್ಮೂರ ಕೆರೆಗೆ ಮಳೆಗಾಲ ಮುಗಿಯುತ್ತಿದ್ದಂತೆ ಉದ್ದ ಕಡ್ಡಿಕಾಲಿನ ಹಕ್ಕಿಗಳು ಬರುತ್ತಿದ್ದವು. ಮೈ ಬಿಳಿ, ರೆಕ್ಕೆ ಕಪ್ಪು. ಇವಕ್ಕೆ ಬಣ್ಣದ ರೋಲು ಹಾಕುವುದೇ ದಂಡ ಎಂದು ವಾದಿಸುತ್ತಿದ್ದೆ, ಕಾಲು ಕೆಂಪಗಿರುವುದನ್ನು ಮರೆತು.

ಆ ಬೆಳಿಗ್ಗೆ ಅಮ್ಮನೂ ಜೊತೆಗೆ ಬಂದಳು. ಮನೆಯ ರೇಷ್ಮೆಹುಳುಗಳು ಪೊರೆ ಬಿಡುವ ಜ್ವರಕ್ಕೆ ಕೂತು ಹಿಪ್ಪುನೇರಳೆ ಸೊಪ್ಪು ಮುಟ್ಟುತ್ತಿರಲಿಲ್ಲವಾದ್ದರಿಂದ ಅವಳಿಗೆ ಬಿಡುವಿತ್ತು. ದಂಡೆಯಲ್ಲಿ ಎಮ್ಮೆಗೆ ಹುಲ್ಲು ಕೊಯ್ಯುತ್ತ ಕೂತಳು. ನಾನು ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದು, ಕ್ಯಾಮೆರಾಕ್ಕೆ ಕಣ್ಣು ಅಂಟಿಸಿಕೊಂಡೇ ನೀರಿಗಿಳಿದೆ. ತಲೆಯೆತ್ತಿದರೆ ಹಕ್ಕಿಗಳು ಹಾರಿಬಿಡುತ್ತವೆ. ಅವುಗಳ ಮೊಣಕಾಲೂ ಮುಳುಗಿರಲಿಲ್ಲ. ಅವು ಅಲ್ಲಿಗೆ ಹಾರಿ ಬಂದಿದ್ದವು, ನಾನು ನಡೆದು ಹೋಗಬೇಕಿತ್ತು ಎಂಬುದು ಹೊಳೆಯಲಿಲ್ಲ.

ಬೇಸಿಗೆಯಲ್ಲಿ ಸೊಪ್ಪಿನ ತೋಟಗಳಿಗೆ ಗೋಡುಮಣ್ಣು ಹೊಡೆಯಲು ಕೆರೆಯಂಗಳವನ್ನು ಅಗೆದಿದ್ದರು. ನಮ್ಮ ತೋಟಕ್ಕೂ ಅಲ್ಲಿಂದಲೇ ಮಣ್ಣು ಬಂದಿತ್ತು. ಮಳೆ ಹುಯ್ದು ಗುಂಡಿಗಳೆಲ್ಲ ನೀರಿನಡಿ ಮರೆಯಾಗಿದ್ದವು. ಹತ್ತು ಹೆಜ್ಜೆ ಹೋಗಿರಬೇಕು, ಕಾಲಡಿ ನೆಲವೇ ಇಲ್ಲವಾಯಿತು. ಎದೆಮಟ್ಟ ಇಳಿದೆ. ಕೆಸರು ತೊಡೆಗಳನ್ನು ಹಿಡಿದುಕೊಂಡಿತು. ಕಾಲೆಳೆದಷ್ಟೂ ಇನ್ನೂ ಇಳಿದೆ. ನನಗೆ ಈಜು ಬರದು. ಅಮ್ಮಾ ಎಂದು ಕೂಗಿದ್ದು ನನಗೇ ಸರಿಯಾಗಿ ಕೇಳಲಿಲ್ಲ.

ಕುಡುಗೋಲು ಬಿಸಾಕಿ ಅವಳು ನೀರಿಗಿಳಿದದ್ದು ಕಂಡಾಗ ಭಯ ಇಮ್ಮಡಿಯಾಯಿತು. ಅವಳಿಗೂ ಈಜು ಬರದು.

“ಬರ್ಬೇಡಮ್ಮ, ಗುಂಡಿ ಐತೆ.”

“ನಂಗೊತ್ತು. ಟ್ರ್ಯಾಕ್ಟ್ರಿಗೆ ಮಣ್ಣು ತುಂಬಿಸ್ದೋಳು ನಾನೇ ಅಲ್ವೇನಪ್ಪ. ನೀನು ಅಲ್ಲಾಡ್ಬೇಡ.”

ಅವಳು ನೇರ ಬರಲಿಲ್ಲ. ತೂಬಿನ ಕಡೆಯಿಂದ ಸುತ್ತಿ, ಟ್ರ್ಯಾಕ್ಟರ್ ಓಡಾಡಿ ಗಟ್ಟಿಯಾಗಿದ್ದ ದಾರಿಯನ್ನು ಪಾದದಿಂದ ತಡಕುತ್ತ ಬಂದು, ಗುಂಡಿಯ ಅಂಚಿನಲ್ಲಿ ಬಗ್ಗಿದಳು.

“ಕೈ ಕೊಡು.”

ಕ್ಯಾಮೆರಾವನ್ನು ತಲೆಯ ಮೇಲೆತ್ತಿ ಹಿಡಿದಿದ್ದೆ. “ಮೊದ್ಲು ಇದನ್ನ ಹಿಡ್ಕೊಮ್ಮ,” ಎಂದೆ.

ಒಂದು ಗಳಿಗೆ ನನ್ನ ಮುಖ ನೋಡಿ, ಎರಡೂ ಕೈ ಚಾಚಿದಳು. ಕ್ಯಾಮೆರಾ ಅವಳಿಗೆ ಸಿಕ್ಕಿತು. ಅಷ್ಟರಲ್ಲಿ ಅಂಚಿನ ಮಣ್ಣು ಕುಸಿದು ಅವಳೂ ಗುಂಡಿಗೆ ಜಾರಿದಳು. ನನಗಿಂತ ಗಿಡ್ಡ ಅವಳು. ನೀರು ಗದ್ದಕ್ಕೆ ಬಂತು. ನಾನು ಅಷ್ಟು ಹೆದರಿದ್ದು ಅದಕ್ಕೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ. ಬಿಡಮ್ಮ ಅದನ್ನ, ಬಿಡು ಎಂದು ಅರಚಿದೆ. ಬಿಡಲಿಲ್ಲ. ಎರಡೂ ಕೈ ಮೇಲೆತ್ತಿಕೊಂಡೇ, ಬಾಯಿಗೆ ಬಂದ ನೀರನ್ನು ಉಗಿಯುತ್ತಿದ್ದಳು.

ಏರಿಯ ಮೇಲೆ ಕುರಿ ಮೇಯಿಸುತ್ತಿದ್ದ ಇಬ್ಬರು, ಸೊಪ್ಪು ಎಳೆಯುವ ಉದ್ದನೆಯ ದೋಟಿ ಹಿಡಿದು ಅವಳು ಬಂದ ದಾರಿಯಲ್ಲೇ ಬಂದರು. ಮೊದಲು ಅವಳನ್ನು, ಆಮೇಲೆ ನನ್ನನ್ನು ಎಳೆದರು.

ಸಂಜೆ ನೋಡಲು ಬಂದ ಅಕ್ಕಪಕ್ಕದ ಹೆಂಗಸರಿಗೆಲ್ಲ ಅಮ್ಮ ಹೆಮ್ಮೆಯಿಂದ ಹೇಳುತ್ತಿದ್ದಳು. “ಎದೆ ಮಟ ನೀರಲ್ಲಿ ಸಿಕ್ಕಾಕ್ಕೊಂಡ್ರೂ ನನ್ನ ಮಗ ಕ್ಯಾಮೆರಾಗೆ ಒಂದು ಹನಿ ತಾಗಿಸ್ಲಿಲ್ಲ ಕಣಮ್ಮ.”

ಕೈ ಕೊಡು ಎಂದಾಗ ನಾನು ಏನು ಕೊಟ್ಟೆ ಎಂಬುದನ್ನು ಬಿಟ್ಟೇ ಹೇಳಿದಳು, ಪ್ರತಿ ಸಲವೂ. ನಾನು ಗೋಡೆ ಕಡೆ ಮುಖ ಮಾಡಿ ಕೂತಿದ್ದೆ.